ಹಳದಿ ಕಾಗದದ ಹೆಸರು

ದೇವರು ಹೂ ಕೊಟ್ಟಿತು, ಅಪ್ಪಣೆ ಆಯಿತು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಇದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ತಾಂಡೂರಿನಲ್ಲಿ ಕಲ್ಲು ಪಾಲಿಶ್ ಕಲಿತು, ಕೆಲವು ವರ್ಷಗಳ ಹಿಂದೆ ಮಲೇಷ್ಯಾದ ಒಂದು ಮಾರ್ಬಲ್ ಕಾರ್ಖಾನೆಗೆ ಹೋಗಿದ್ದೆ. ಪಕ್ಕದ ಸುಣ್ಣಕಲ್ಲಿನ ಗುಡ್ಡದ ಗವಿಯಲ್ಲಿ ಚೀನೀಯರ ತಾವೋ ದೇವಸ್ಥಾನವಿತ್ತು. ಅದರ ಅಂಗಳದಲ್ಲೇ ತಮಿಳರ ಮಾರಿಯಮ್ಮ. ಮೂಲೆಯಲ್ಲಿ ದೇವರಾಗಿ ಪೂಜೆಗೊಳ್ಳುವ ಮಲಯ್ ಮುಸ್ಲಿಂ ಅಜ್ಜನೊಬ್ಬನ ಪುಟ್ಟ ಗುಡಿ. ಅವನಿಗೆ ಹಂದಿಮಾಂಸ ನಡೆಯದೆಂದು ಚೀನೀಯರೇ ಎಚ್ಚರ ವಹಿಸುತ್ತಿದ್ದರು. ನಮ್ಮ ಕಡೆಯ ದರ್ಗಾಗಳನ್ನು ನೋಡಿ ಬೆಳೆದ ನನಗೆ ಇದು ಹೊಸದೆನಿಸಲಿಲ್ಲ. ಭಾನುವಾರ ಅಲ್ಲಿಗೇ ಹೋಗಿ ಕೂರುತ್ತಿದ್ದೆ.

ಅವರ ಏಳನೇ ತಿಂಗಳು ಸತ್ತವರ ತಿಂಗಳು. ಬದುಕಿರುವವರ ಹೆಸರನ್ನು ಕೆಂಪು ಕಾಗದದಲ್ಲಿ, ತೀರಿಹೋದವರ ಹೆಸರನ್ನು ಹಳದಿ ಕಾಗದದಲ್ಲಿ ಬರೆದು ಗೋಡೆಗೆ ಹಚ್ಚುತ್ತಾರೆ. ಆಗ ಊರಲ್ಲಿ ಅವ್ವನಿಗೆ ಹುಷಾರಿರಲಿಲ್ಲ. ಅವಳ ಹೆಸರನ್ನು ಕೆಂಪಿನಲ್ಲಿ ಬರೆಯಲು ಪೂಜಾರಿ ಮುದುಕನನ್ನು ಕೇಳಿದೆ. ದೇವರ ಒಪ್ಪಿಗೆಗೆಂದು ಅವನು ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದ. ಒಂದು ಅಂಗಾತ, ಇನ್ನೊಂದು ಬೋರಲು ಬಿದ್ದರೆ ಒಪ್ಪಿಗೆ. ಮೂರು ಸಲವೂ ಎರಡೂ ಬೋರಲೇ ಬಿದ್ದವು. ಮುದುಕ ನನ್ನ ಮುಖ ನೋಡಲಿಲ್ಲ. ಹಳದಿ ಕಾಗದ ಮುಟ್ಟಿ ಮತ್ತೆ ಹಾಕಿದ. ಮೂರು ಸಲವೂ ಒಪ್ಪಿಗೆ.

ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲೇ ನಿಂತು ನಮ್ಮೂರು ಮನೂರಿನಲ್ಲಿದ್ದ ಅಣ್ಣನಿಗೆ ಫೋನ್ ಹಚ್ಚಿದೆ. ಅವ್ವನಿಗೆ ಕಿವಿ ಮಂದ, ಅವಳ ಸುದ್ದಿಯೆಲ್ಲ ಅವನಿಂದಲೇ ತಿಳಿಯಬೇಕಿತ್ತು.

"ಅವ್ವ ಆರಾಮ ಅದಾಳ. ಈಗ ಉಂಡು ಮಲಗ್ಯಾಳ," ಅಂದ.

ಮುದುಕನಿಗೆ ನಾಲ್ಕು ಮಾತು ಬೈದು, ಹಟ ಹಿಡಿದು ಕೆಂಪಿನಲ್ಲೇ ಬರೆಸಿದೆ.

ಎರಡು ತಿಂಗಳ ನಂತರ ರಜೆಗೆ ಬಂದೆ. ನಾರಾಯಣಖೇಡದಲ್ಲಿ ಶೇರ್ ಆಟೊ ಹತ್ತಿದಾಗ ನಮ್ಮೂರಿನ ಹೆಂಗಸೊಬ್ಬಳು, "ಅವ್ವನ ಮಣ್ಣಿಗೂ ಬರ್ಲಿಲ್ಲಲ್ಲೋ ತಮ್ಮಾ," ಅಂದಳು. ಅವ್ವ ತೀರಿಹೋದದ್ದು ನಾನು ಆ ದೇವಸ್ಥಾನದಿಂದ ಫೋನ್ ಮಾಡುವುದಕ್ಕೆ ನಾಲ್ಕು ದಿನ ಮೊದಲು.

"ಹೇಳಿದ್ರ ನೀ ಕೆಲ್ಸ ಬಿಟ್ಟು ಓಡಿ ಬರ್ತಿದ್ದಿ. ನಿನ್ನ ಛಲೋದಕ್ಕ ಮಾಡೀನಿ," ಎಂದ ಅಣ್ಣ.

ಕುಣಿಯಲ್ಲಿ ಕೂರಿಸಿದ ಅವ್ವನ ಮೈಮೇಲೆ ಮಗನಾಗಿ ನಾನು ಹಾಕಬೇಕಿದ್ದ ವಿಭೂತಿ, ಪತ್ರಿ ಬೀಳಲೇ ಇಲ್ಲ. ಒಡಹುಟ್ಟಿದವನೇ ಅದನ್ನು ತಪ್ಪಿಸಿದ. ಇದಕ್ಕೆ ಮೋಸ ಎನ್ನದೆ ಇನ್ನೇನೆನ್ನಲಿ?

ಆ ಮರದ ತುಂಡುಗಳಿಗೆ ಹೇಗೆ ತಿಳಿಯಿತೋ, ನನಗೆ ಇಂದಿಗೂ ಬಗೆಹರಿದಿಲ್ಲ. ನಾನೀಗ ಜಹೀರಾಬಾದಿನಲ್ಲಿದ್ದೇನೆ. ಅಣ್ಣ ಆಗಾಗ ಫೋನ್ ಮಾಡಿ, "ಎಲ್ಲಾರೂ ಆರಾಮ ಅದೀವಿ" ಅನ್ನುತ್ತಾನೆ. ಹ್ಞೂಂ ಎಂದು ಫೋನ್ ಇಟ್ಟು, ಅವನ ಪಕ್ಕದ ಮನೆಯವರಿಗೆ ಫೋನ್ ಮಾಡಿ ಕೇಳುತ್ತೇನೆ.