ಉಪ್ಪಿಲ್ಲದ ಸಾರು, ಅಪ್ಪನ ಬೈಬಲ್

ಅಪ್ಪನ ಬೈಬಲ್ ತೆರೆದರೆ ಈಗಲೂ ನೋವಿನ ಮುಲಾಮಿನ ವಾಸನೆ. ಫ್ಯಾಕ್ಟರಿಯ ಲೇತ್ ಮಷೀನಿನಲ್ಲಿ ದುಡಿದು ಸೆಟೆದ ಬೆರಳುಗಳಿಗೆ ಮುಲಾಮು ಹಚ್ಚಿಕೊಂಡೇ ಅವರು ಪುಟ ತಿರುಗಿಸುತ್ತಿದ್ದರು. ಹೋದ ತಿಂಗಳು ಡಾಕ್ಟರು ನನ್ನ ಬಿಪಿ ನೋಡಿ, "ಉಪ್ಪು ಕಮ್ಮಿ ಮಾಡಿ, ಸಿಟ್ಟು ಕಮ್ಮಿ ಮಾಡಿ, ದಿನಾ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ" ಅಂದಮೇಲೆ ಆ ಬೈಬಲನ್ನು ಬೀರುವಿನಿಂದ ಇಳಿಸಿದೆ. ಈಗ ಬೆಳಿಗ್ಗೆ ಮೂರು ಅಧ್ಯಾಯ, ಹತ್ತು ನಿಮಿಷ ಧ್ಯಾನ. ಧ್ಯಾನದಲ್ಲಿ ನೀರಿನ ಮೋಟರ್ ಆಫ್ ಮಾಡಿದ್ದೀನಾ ಎಂಬುದೊಂದೇ ಚಿಂತೆ. ಆದರೂ ಹದಿನೈದು ದಿನಕ್ಕೇ ಬಹಳ ಸುಧಾರಿಸಿದ್ದೇನೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ಬೇರೆ ಯಾರೂ ಹಾಗೆ ಹೇಳಿಲ್ಲವಲ್ಲ, ಅಲ್ಲೇ ಸ್ವಲ್ಪ ಅನುಮಾನ.

ಅನುಮಾನ ನಮ್ಮ ಮನೆಗೆ ಹೊಸದಲ್ಲ ಬಿಡಿ. ನಾನು ಚಿಕ್ಕವನಿದ್ದಾಗ ನಾವಿದ್ದದ್ದು ಬೆಂಗಳೂರಿನ ಮರ್ಫಿ ಟೌನಿನ ಎರಡು ಕೋಣೆಯ ಮನೆಯಲ್ಲಿ. ಸಾರಿಗೆ ಉಪ್ಪು ಸಾಲದಿದ್ದರೆ ಅಪ್ಪನ ತಟ್ಟೆ ಗೋಡೆಗೆ ಹೋಗುತ್ತಿತ್ತು. ಅವರು ಉಣ್ಣುವಾಗ ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತಿರುತ್ತಿದ್ದಳು. ಅಪ್ಪ ಕೂತ್ಕೋ ಅಂದರೆ, "ನೀವು ಮುಗಿಸಿ, ಆಮೇಲೆ ಕೂರ್ತೀನಿ" ಅನ್ನುವಳು. ಅದು ಗಂಡನಿಗೆ ಕೊಡುವ ಮರ್ಯಾದೆ ಅಂದುಕೊಂಡಿದ್ದೆ. ಒಂದು ದಿನ ತಟ್ಟೆ ನನ್ನ ಕಿವಿ ಸವರಿಕೊಂಡು ಹೋಯಿತು. ರಕ್ತ ನೋಡಿ ಅಪ್ಪ ಕೈಯನ್ನೂ ತೊಳೆಯದೆ ಹಾಗೇ ಕೂತುಬಿಟ್ಟರು. ಮರುದಿನ ಬೆಳಗಿನಿಂದ ಬೈಬಲ್ ಹಿಡಿದರು. ಓದುವುದು, ಕಣ್ಣು ಮುಚ್ಚುವುದು, ಆಮೇಲೆ ಕೆಲಸಕ್ಕೆ. ಬೈಗುಳ ನಿಂತಿತು.

ನಾವು ಸಂತೋಷಪಡಬೇಕಿತ್ತು, ಅಲ್ಲವೇ? ನಮಗೆ ಇನ್ನೂ ಭಯವಾಯಿತು.

ಪಕ್ಕದ ಮನೆಯ ರೋಸಿ ಅಕ್ಕ ಅಮ್ಮನಿಗೆ ತೀರ್ಪು ಕೊಟ್ಟಳು: "ಅಯ್ಯೋ ಕಣ್ಣೂ, ಗಂಡಸ್ರು ಸುಮ್‌ಸುಮ್ನೆ ಸಾಫ್ಟ್ ಆಗಲ್ಲ. ಒಂದಾ ಕಾಯಿಲೆ ಇರ್ಬೇಕು, ಇಲ್ಲಾ ಹಲಸೂರಲ್ಲಿ ಇನ್ನೊಂದು ಮನೆ ಇರ್ಬೇಕು."

ನಾನು ಪತ್ತೇದಾರಿಕೆಗೆ ಇಳಿದೆ. ಬೈಬಲಿನ ಪುಟಗಳ ನಡುವೆ ಗುರುತಿಗಿಟ್ಟ ಕೆಂಪು ದಾರ ನಾಲ್ಕು ದಿನವಾದರೂ ಇದ್ದಲ್ಲೇ ಇತ್ತು. "ಅಮ್ಮಾ, ಅಪ್ಪ ಓದ್ತಾನೇ ಇಲ್ಲ. ಕಣ್ಮುಚ್ಚಿ ನಿದ್ದೆ ಮಾಡ್ತಾರೆ."

ಆ ಭಾನುವಾರ ಅಮ್ಮ ಸಾರಿಗೆ ಒಂದು ಹರಳು ಉಪ್ಪನ್ನೂ ಹಾಕಲಿಲ್ಲ. ನನ್ನನ್ನು ತನ್ನ ಹಿಂದೆ ನಿಲ್ಲಿಸಿಕೊಂಡು ಬಾಗಿಲಲ್ಲಿ ನಿಂತಳು.

ಅಪ್ಪ ಮೊದಲ ತುತ್ತು ಬಾಯಿಗಿಟ್ಟರು. ದವಡೆ ನಿಂತಿತು. ಕಿವಿ ಕೆಂಪಾಯಿತು. ತಟ್ಟೆಯ ಅಂಚನ್ನು ಹಿಡಿದರು, ಬಿಟ್ಟರು. ಎದ್ದು ಹಿತ್ತಲಿಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ತಲೆಯೆಲ್ಲ ಒದ್ದೆ ಮಾಡಿಕೊಂಡು ಬಂದು ಕೂತು ಕೇಳಿದರು: "ಪರೀಕ್ಷೆ ಮುಗೀತಾ?"

"ಹನ್ನೆರಡು ವರ್ಷದ್ದು ಒಂದು ಊಟಕ್ಕೆ ಮುಗಿಯತ್ತಾ?" ಅಂದಳು ಅಮ್ಮ.

"ಇಲ್ಲ" ಅಂದರು ಅಪ್ಪ. "ಉಪ್ಪು ಕೊಡು."

ಪರೀಕ್ಷೆಗಳು ತಿಂಗಳುಗಟ್ಟಲೆ ನಡೆದವು. ಪ್ರತಿ ಸಲ ಅವರ ಕಿವಿ ಕೆಂಪಾಗುತ್ತಿತ್ತು, ಪ್ರತಿ ಸಲ ನಲ್ಲಿ ಸುರಿಯುತ್ತಿತ್ತು. ಒಂದೇ ಪುಟ ಯಾಕೆ ಅಂತ ನಾನೊಮ್ಮೆ ಕೇಳಿಯೇಬಿಟ್ಟೆ. "ಓದಿದ್ದು ಇನ್ನೂ ಮಾಡಕ್ಕಾಗಿಲ್ಲ ಮಗಾ. ಮುಂದಕ್ಕೆ ಹೋಗಿ ಏನ್ಮಾಡ್ಲಿ?" ಅಂದರು. ಓದಿನಲ್ಲಿ ಹಿಂದುಳಿದವರು ಹೇಳುವ ಮಾತೇ ಇದು ಎಂದು ತೀರ್ಮಾನಿಸಿದೆ.

ಕ್ರಿಸ್ಮಸ್ಸಿಗೆ ಮುಂಚಿನ ಒಂದು ಮಧ್ಯಾಹ್ನ ಅಮ್ಮ ತನ್ನ ತಟ್ಟೆ ತಂದು ಅಪ್ಪನ ಎದುರು ಕೂತಳು. ಅಪ್ಪ ಅವತ್ತು ತುತ್ತೆತ್ತದೆ ಅನ್ನ ಕಲಸುತ್ತಲೇ ಇದ್ದರು.

ಇದೆಲ್ಲ ಯಾಕೆ ನೆನಪಾಯಿತೆಂದರೆ, ಇವತ್ತು ಮಧ್ಯಾಹ್ನ ಬಾಣಸವಾಡಿಯ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ. ಡಾಕ್ಟರ ಮಾತೋ, ಪರೀಕ್ಷೆಯೋ? ನನಗೆ ತಕ್ಷಣ ಹೆಂಡತಿಯ ಮೇಲೆ ಅನುಮಾನ ಬಂತು. ಏನೋ ಅನ್ನಲು ತಲೆ ಎತ್ತಿದೆ. ನಾನು ತಟ್ಟೆ ಎಸೆಯುವವನಲ್ಲ, ದೇವರಾಣೆ. ದನಿ ಎತ್ತುತ್ತೇನೆ, ಮೇಜು ಗುದ್ದುತ್ತೇನೆ, ಅಷ್ಟೇ. ಮಗಳು ಆಗಲೇ ತಟ್ಟೆ ಹಿಡಿದು ರೂಮು ಸೇರಿದ್ದಳು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ನೀನೂ ಕೂತ್ಕೊಳೇ" ಅಂದೆ.

"ನೀವು ಮುಗಿಸಿ, ಆಮೇಲೆ ಕೂರ್ತೀನಿ."

ಸಪ್ಪೆ ಸಾರನ್ನು ಪೂರ್ತಿ ಉಂಡೆ. ಹಿತ್ತಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಆಮೇಲೆ ಬೈಬಲ್ ತೆಗೆದು, ನಲವತ್ತೈದು ಅಧ್ಯಾಯ ದಾಟಿದ್ದ ಕೆಂಪು ದಾರವನ್ನು ಮೊದಲ ಪುಟಕ್ಕೆ ತಂದಿಟ್ಟೆ.