ಎಳೆಯ ಗಿಡವಿಲ್ಲದ ಧೂಪದ ಗುಡ್ಡ

ಕಳಸದ ಹತ್ತಿರದ ಸಣ್ಣ ದೇವಸ್ಥಾನವೊಂದರಲ್ಲಿ ನನ್ನಣ್ಣ ಪೂಜೆ ಮಾಡುತ್ತಾನೆ. ಅಂಗಡಿಯ ಧೂಪದ ಪುಡಿಯ ಹೊಗೆಗೆ ಅವನಿಗೆ ಕೆಮ್ಮು ಹತ್ತಿ, ಮಂಗಳಾರತಿಯ ನಡುವೆಯೇ ಮಂತ್ರ ನಿಂತುಹೋಗುತ್ತಿತ್ತು. ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. “ಒಳ್ಳೆ ಧೂಪ ಎಲ್ಲಾದ್ರೂ ಸಿಕ್ತದಾ ನೋಡೇ” ಎಂದು ಅವನು ಕೇಳಿದ್ದರಿಂದ ಇದೆಲ್ಲ ಶುರುವಾಯಿತು.

ಕಾಫಿ ಬೆಟ್ಟಗಳ ಬೆನ್ನಿಗೆ, ಕಡೂರಿನ ಕಡೆ, ಮಳೆ ಸರಿಯಾಗಿ ತಲುಪದ ಕಲ್ಲುಗುಡ್ಡಗಳಿವೆ. ಅಲ್ಲಿ ಯಾರೂ ನೆಡದೆ ಬೆಳೆದ ಧೂಪದ ಮರಗಳಿವೆ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ, ತೊಗಟೆ ಕಾಗದದಂತೆ ಸುಲಿದು ನಿಲ್ಲುತ್ತವೆ. ಕೆತ್ತಿದರೆ ಅಂಟು ಒಸರಿ ಹಳದಿ ಹರಳಾಗುತ್ತದೆ; ಅದೇ ಧೂಪ. ಗುಡ್ಡದ ಕೆಳಗಿನ ಹಟ್ಟಿಯಲ್ಲಿ ಗಂಡ ತೀರಿಹೋದ ಹೆಂಗಸೊಬ್ಬರು ಅದನ್ನು ಕೆತ್ತಿ ಮಾರಿ ಬದುಕುತ್ತಿದ್ದರು. ನನಗಿಂತ ಹಿರಿಯರು. ಅವರಿಂದ ಒಂದು ಡಬ್ಬಿ ತಂದುಕೊಟ್ಟೆ. ಅಣ್ಣನ ಕೆಮ್ಮು ಕಡಿಮೆಯಾಯಿತು.

ದೇವಸ್ಥಾನಕ್ಕೆ ಬಂದು ಪರಿಮಳ ನೋಡಿದವರು ಸುಮ್ಮನಿರಲಿಲ್ಲ. ಗೋಣಿಬೀಡಿನ ಎಸ್ಟೇಟಿನವರು, ಮೂಡಿಗೆರೆಯ ಹೋಂಸ್ಟೇಯವರು ತಮಗೂ ಬೇಕೆಂದು ಫೋನ್ ಮಾಡತೊಡಗಿದರು. ಎಲ್ಲರಿಗೂ ಹೂಂ ಎಂದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಹೆಮ್ಮೆ ಬೇರೆ. ಎರಡು ಬೇಸಿಗೆ ಹೀಗೇ ನಡೆಯಿತು.

ಮೂರನೆಯ ಬೇಸಿಗೆಯಲ್ಲಿ ಬಂದ ಅಂಟಿನಲ್ಲಿ ಅರ್ಧಕ್ಕರ್ಧ ತೊಗಟೆಯ ಚೂರು. ಕೇಳೋಣವೆಂದು ಹೋದರೆ, “ಬನ್ನಿ ಟೀಚರಮ್ಮ, ನೀವೇ ನೋಡೀರಂತೆ” ಎಂದು ಅವರು ಗುಡ್ಡ ಹತ್ತಿಸಿದರು.

ಪ್ರತಿ ಮರಕ್ಕೂ ಸೊಂಟದಿಂದ ತಲೆಯೆತ್ತರದವರೆಗೆ ಗಾಯ. ಹಳೆಯದು ಮಾಯುವ ಮೊದಲೇ ಪಕ್ಕದಲ್ಲಿ ಹೊಸದು. ಒಂದು ಮರ ಬುಡಕ್ಕೆ ಗೆದ್ದಲು ಹಿಡಿದು ಉರುಳಿತ್ತು.

“ಮೊದ್ಲು ಒಂದು ಮರಕ್ಕೆ ಎರಡೇ ಕಡೆ ಕೆತ್ತುತಿದ್ದೆ” ಎಂದರು ಅವರು. “ಒಂದು ವರ್ಷ ಕೆತ್ತಿದ್ ಮರನ ಮುಂದಿನ ವರ್ಷ ಮುಟ್ಟುತಿರ್ಲಿಲ್ಲ. ನೀವು ಜಾಸ್ತಿ ಬೇಕು ಅಂದ್ರಲ್ಲ.”

ಆ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಮಧ್ಯಾಹ್ನದವರೆಗೆ ಕಲ್ಲಿನ ಸಂದಿಗಳಲ್ಲಿ ಒಂದು ಎಳೆಯ ಗಿಡಕ್ಕಾಗಿ ಹುಡುಕಿದೆ. ಸಿಗಲಿಲ್ಲ. ಮೊಳೆತದ್ದನ್ನು ಆಡುಗಳು ಮೇಯುತ್ತವೆ, ಉಳಿದದ್ದು ಬೇಸಿಗೆಯ ಬೆಂಕಿಗೆ ಹೋಗುತ್ತದೆ, ಮರ ಸೊರಗಿ ಈಚೆಗೆ ಕಾಯಿಯೂ ಜೊಳ್ಳು ಎಂದು ಅವರು ವಿವರಿಸಿದರು. ಕಾಡು ತನ್ನನ್ನು ತಾನೇ ಬೆಳೆಸಿಕೊಳ್ಳುವ ಬಗೆಯನ್ನು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಅಂಟು ತರಿಸಿದ ಗುಡ್ಡವನ್ನು ಅಲ್ಲಿಯವರೆಗೆ ಒಮ್ಮೆಯೂ ಹತ್ತಿರಲಿಲ್ಲ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. “ದೇವರಿಗೆ ಧೂಪ ಇಲ್ದಿದ್ರೂ ನಡೀತದೆ ಮಾರಾಯ್ತಿ, ದೀಪ ಸಾಕು. ಆದ್ರೆ ಆ ಅಮ್ಮ ಏನು ಮಾಡ್ಬೇಕು?” ಎಂದ.

ಅಂಟು ತರಿಸುವುದನ್ನು ನಿಲ್ಲಿಸಿದೆ. ಮಳೆಗೆ ಮೊದಲು ಆ ಅಮ್ಮನ ಜೊತೆ ಗುಡ್ಡಕ್ಕೆ ಹೋಗಿ ಧೂಪದ ಮರದ ಕೊಂಬೆಗಳನ್ನು ಗೂಟದಂತೆ ನೆಟ್ಟು, ಸುತ್ತ ಮುಳ್ಳು ಕಟ್ಟಿದೆ. ನಾಲ್ಕು ಚಿಗುರಿದವು.

ಮುಂದಿನ ಬೇಸಿಗೆಗೆ ಹೋದಾಗ ಅವರ ಅಂಗಳದಲ್ಲಿ ಅಂಟಿನ ಮೂಟೆಗಳಿದ್ದವು. ನನ್ನ ನೋಟ ಕಂಡು ಅವರೇ ಹೇಳಿದರು: “ನೀವು ಬಿಟ್ರಿ, ಇನ್ನೊಬ್ ವ್ಯಾಪಾರಿ ಬಂದ. ನಾನು ಕೆತ್ತದೆ ಇದ್ರೆ ಬೇರೆ ಆಳು ತಂದು ಕೆತ್ತುಸ್ತಾನಂತೆ. ನನ್ ಕೈ ಆದ್ರೆ ಅಷ್ಟು ಆಳಕ್ಕೆ ಹೋಗಲ್ಲ.”

ಬೈಯುವ ಯೋಗ್ಯತೆ ನನಗಿರಲಿಲ್ಲ. ಈಗಲೂ ತಿಂಗಳಿಗೊಮ್ಮೆ ಹೋಗಿ, ಚಿಗುರಿದ ಗಿಡಗಳ ಸುತ್ತಲಿನ ಮುಳ್ಳು ಸರಿಮಾಡುತ್ತೇನೆ. ಅವರೂ ಕೈಜೋಡಿಸುತ್ತಾರೆ. ನಾವಿಬ್ಬರೂ ಮೊದಲಿನಂತೆ ಮಾತಾಡುವುದಿಲ್ಲ, ಅಷ್ಟೆ.