ಅಕ್ಕನ ಮುಖಕ್ಕೆ ಕಾಲಿ

ನಾನು ಚಿಕ್ಕವಳಿದ್ದಾಗ ನಾವಿದ್ದ ಕಲ್ಕತ್ತೆಯ ಬಾಲಿಗಂಜ್‌ನ ಮನೆಯ ಮೆಟ್ಟಿಲ ಗೋಡೆ ಹಸಿರಾಗಿತ್ತು. ಅಕ್ಕನನ್ನು ಕೇಳಿದರೆ ಹಳದಿ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರ ನೆನಪು ತಪ್ಪಿದೆ, ಅದು ನನ್ನದೇ ಇರಬಹುದು. ಆದ್ದರಿಂದ ಮಕ್ಕಳೇ, ಗೋಡೆಯ ಬಣ್ಣ, ಅಕ್ಕ ತೊಟ್ಟಿದ್ದ ಲಂಗ, ಆ ದಿನ ಮಳೆ ಬಂದಿತ್ತೋ ಇಲ್ಲವೋ, ಇವನ್ನೆಲ್ಲ ಪೂರ್ತಿ ನಂಬಬೇಡಿ. ಆ ಗೋಡೆಗೆ ನಾನು ಬರೆದ ಚಿತ್ರವೊಂದನ್ನು ಅಂಟಿಸಿದ್ದರು. ಅದರಲ್ಲಿ ಅಕ್ಕ ಇದ್ದಳು, ಅಕ್ಕನ ಮುಖ ಇರಲಿಲ್ಲ. ಇಷ್ಟನ್ನು ನಂಬಬಹುದು.

ಅಪ್ಪನಿಗೆ ಮೈಸೂರಿನಿಂದ ಕಲ್ಕತ್ತೆಗೆ ವರ್ಗವಾಗಿ ವರ್ಷವೂ ತುಂಬಿರಲಿಲ್ಲ. ನಮ್ಮ ಮೇಲಿನ ಮಹಡಿಯಲ್ಲಿ ಕಾಲೇಜಿಗೆ ಹೋಗುವ ಬಂಗಾಳಿ ಹುಡುಗಿಯೊಬ್ಬಳಿದ್ದಳು. ನಾವೆಲ್ಲ ಅವಳನ್ನು ದಿದಿ ಎನ್ನುತ್ತಿದ್ದೆವು. ದುರ್ಗಾಪೂಜೆ ಹತ್ತಿರವಾದಾಗ ಅವಳು ಕಟ್ಟಡದ ಮಕ್ಕಳನ್ನು ಕೂಡಿಸಿ ಗೋಡೆ ಪತ್ರಿಕೆ ಮಾಡುತ್ತಿದ್ದಳು. ದೊಡ್ಡ ಹಾಳೆಗಳ ಮೇಲೆ ಕೈಯಲ್ಲೇ ಬರೆದ ಕತೆ, ಪದ್ಯ, ಚಿತ್ರ. ಮೆಟ್ಟಿಲು ಹತ್ತುವವರು, ಇಳಿಯುವವರು, ಹಾಲಿನವನು, ಎಲ್ಲರೂ ನಿಂತು ನೋಡುತ್ತಿದ್ದರು. ಆ ವರ್ಷ ದಿದಿ ಒಂದು ಕತೆ ಬರೆದಿದ್ದಳು. ಟ್ರಾಮಿನಲ್ಲಿ ನಿದ್ದೆ ಹೋದ ಹುಡುಗಿಯೊಬ್ಬಳು ಇಳಿಯುವ ಜಾಗ ಬಿಟ್ಟು ಖಿದಿರ್‌ಪುರದವರೆಗೆ ಹೋಗಿಬಿಡುವ ಕತೆ. ಅದಕ್ಕೆ ಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಒಂದೇ ಸಂಜೆಯಲ್ಲಿ ಬರೆದು ಒಯ್ದು ತೋರಿಸಿದೆ. ಟ್ರಾಮು ಬೆಂಕಿಪೊಟ್ಟಣದ ಹಾಗಿತ್ತು, ಹುಡುಗಿ ಗೊಂಬೆಯ ಹಾಗಿದ್ದಳು. ದಿದಿ ನಕ್ಕುಬಿಟ್ಟಳು. ಇದು ನಿನ್ನ ತಲೆಯೊಳಗಿನ ಟ್ರಾಮು, ಹೋಗಿ ರಸ್ತೆಯ ಟ್ರಾಮನ್ನು ನೋಡಿ ಬರೆದುಕೊಂಡು ಬಾ ಎಂದು ಬಂಗಾಳಿಯನ್ನೂ ಹಿಂದಿಯನ್ನೂ ಕಲಸಿ ಹೇಳಿದಳು.

ಅಂದಿನಿಂದ ಅಭ್ಯಾಸ ಶುರುವಾಯಿತು. ಅಪ್ಪ ಕಚೇರಿಯಿಂದ ಒಂದು ಮಗ್ಗುಲು ಟೈಪಾಗಿದ್ದ ರದ್ದಿ ಹಾಳೆಗಳನ್ನು ತಂದುಕೊಡುತ್ತಿದ್ದರು. ಭಾನುವಾರ ನನ್ನನ್ನು ಟ್ರಾಮಿನಲ್ಲಿ ಕೂರಿಸಿಕೊಂಡು ಸುಮ್ಮನೆ ಸುತ್ತುತ್ತಿದ್ದರು. ಕಂಡಕ್ಟರನ ಚರ್ಮದ ಚೀಲ, ಗಂಟೆಯ ಹಗ್ಗ, ಸೀಟಿನ ಮರದ ಪಟ್ಟಿಗಳು, ಕಿಟಕಿಗೆ ತಲೆ ಆನಿಸಿ ತೂಕಡಿಸುವವರ ಕತ್ತು, ಎಲ್ಲವನ್ನೂ ಬರೆದೆ. ಟ್ರಾಮು ಅಲುಗಿದಂತೆಲ್ಲ ಗೆರೆಯೂ ಅಲುಗುತ್ತಿತ್ತು. ಕಬ್ಬಿಣದ ವಾಸನೆ, ಬೆವರಿನ ವಾಸನೆ, ಯಾರದೋ ತಲೆಯ ಸಾಸಿವೆ ಎಣ್ಣೆಯ ವಾಸನೆ ಹಾಳೆಗೂ ಹತ್ತಿಕೊಂಡಂತಿರುತ್ತಿತ್ತು.

ಕತೆಯ ಹುಡುಗಿಗಾಗಿ ಅಕ್ಕ ಕೂರುತ್ತಿದ್ದಳು. ನಮ್ಮ ಕೋಣೆಯ ಕಿಟಕಿಯ ಸರಳಿಗೆ ತಲೆ ಒರಗಿಸಿ, ಕಣ್ಣು ಮುಚ್ಚಿ, ಅಲ್ಲಾಡದೆ ಕೂರುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳ ಎಡಗಣ್ಣಿನ ಕೆಳಗೆ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತ್ತು. ಅದು ನೋಯುವುದಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ ಎಂದು ಇವತ್ತು ನಿಮಗೆ ಗೊತ್ತು. ಆಗ ಅಮ್ಮ ದಿನಾ ಅದಕ್ಕೆ ಎಣ್ಣೆ ಹಚ್ಚಿ ನಿಟ್ಟುಸಿರು ಬಿಡುತ್ತಿದ್ದಳು. ಮನೆಗೆ ಬಂದವರು ಅದನ್ನೊಮ್ಮೆ ನೋಡಿ, ತಕ್ಷಣ ಬೇರೆ ಕಡೆ ನೋಡುತ್ತಿದ್ದರು. ನಾನೂ ಮೊದಮೊದಲ ಚಿತ್ರಗಳಲ್ಲಿ ಅದನ್ನು ಬಿಟ್ಟುಬಿಟ್ಟಿದ್ದೆ.

ಅಕ್ಕ ಹಾಳೆ ಕಿತ್ತುಕೊಂಡು ನೋಡಿದಳು. "ಯಾರೇ ಇವಳು? ಮೂಗು ನೋಡಿದ್ರೆ ಬದನೆಕಾಯಿ. ನನ್ನ ಮಚ್ಚೆ ಎಲ್ಲೇ?"

"ಅದನ್ನೂ ಬರೀಬೇಕಾ?"

"ಮತ್ತೆ? ಇದ್ಯಲ್ಲ. ಇರೋದನ್ನ ನೋಡಿ ಬರಿ ಅಂತ ತಾನೇ ನಿಮ್ಮ ದಿದಿ ಹೇಳಿರೋದು?"

ಬಿಳಿ ಹಾಳೆಯ ಮೇಲೆ ಬಿಳಿ ಮಚ್ಚೆಯನ್ನು ಬರೆಯುವುದು ಹೇಗೆ? ಪೆನ್ಸಿಲನ್ನು ಓರೆಯಾಗಿ ಹಿಡಿದು ಮುಖಕ್ಕೆಲ್ಲ ತೆಳುವಾಗಿ ಉಜ್ಜಿದೆ. ಕಣ್ಣಿನ ಕೆಳಗೆ ಅಷ್ಟು ಜಾಗದಲ್ಲಿ ಮಾತ್ರ ಹಾಳೆಯನ್ನು ಹಾಗೇ ಬಿಟ್ಟೆ. ಎಷ್ಟೋ ಹಾಳೆ ಕೆಟ್ಟ ಮೇಲೆ ಒಂದು ಸರಿಯಾಗಿ ಬಂತು. ಅಕ್ಕ ಅದನ್ನು ತುಂಬ ಹೊತ್ತು ನೋಡಿ, "ಹೂಂ, ಇದು ನಾನು" ಎಂದಳು. ಅದನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಳು. "ಪೂಜೆಗೆ ನಾನು ಗೋಡೆ ಮೇಲೆ ಬರ್ತೀನಿ, ಗೊತ್ತಾ?" ಎಂದು ಮನೆಗೆ ಬಂದವರಿಗೆಲ್ಲ ತಾನಾಗಿಯೇ ಹೇಳತೊಡಗಿದಳು. ಮೊದಲು ಯಾರಾದರೂ ಬಂದರೆ ಒಳಗೆ ಹೋಗಿಬಿಡುತ್ತಿದ್ದವಳು ಅವಳು.

ಪತ್ರಿಕೆ ಅಂಟಿಸುವ ದಿನ ಬಂತು. ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನ ಚಿತ್ರ ಸಿದ್ಧವಾಗಿತ್ತು, ಮಚ್ಚೆಯೂ ಇತ್ತು. ಆದರೆ ಪೆನ್ಸಿಲು ದೂರಕ್ಕೆ ಕಾಣುವುದಿಲ್ಲ, ಅದರ ಮೇಲೆ ಮಸಿಯಲ್ಲಿ ತಿದ್ದಬೇಕು. ಮಧ್ಯಾಹ್ನ ದಿದಿ ಅವಸರದಲ್ಲಿ ಮೆಟ್ಟಿಲಿಳಿಯುತ್ತ ನಮ್ಮ ಬಾಗಿಲಿಗೆ ತಲೆ ಹಾಕಿ, "ಮುಖ್‌ಟಾ ಕಾಲಿ ದಿಯೇ ಕೋರೋ!" ಎಂದು ಕೂಗಿ ಹೋದಳು. ಮುಖವನ್ನು ಮಸಿಯಲ್ಲಿ ಬರೆ ಎಂದು ಅರ್ಥ. ಬಂಗಾಳಿಯಲ್ಲಿ ಮಸಿಗೆ ಕಾಲಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಡಬ್ಬ ಕಾಲಿ, ಬಸ್ಸು ಕಾಲಿ, ಕೆಲಸವಿಲ್ಲದೆ ಕೂತರೆ ಕಾಲಿ ಕೂತಿದ್ದಾಳೆ. ಖಾಲಿಯ ಖಕಾರವನ್ನು ಒತ್ತಿ ಹೇಳುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮುಖವನ್ನು ಖಾಲಿ ಬಿಡು ಎಂದು ದಿದಿ ಹೇಳಿದಳೆಂದು ನಾನು ತಿಳಿದುಕೊಂಡೆ. ಅಂದಿನಿಂದ ಹಾಗೆಂದೇ ಹೇಳುತ್ತ ಬಂದಿದ್ದೇನೆ.

ಜಡೆ, ಲಂಗದ ನೆರಿಗೆ, ಕೈಬೆರಳು, ಕಿಟಕಿಯ ಸರಳು, ಎಲ್ಲಕ್ಕೂ ಮಸಿ ಹಾಕಿದೆ. ಆಮೇಲೆ ರಬ್ಬರು ತೆಗೆದುಕೊಂಡು ಮುಖವನ್ನು ಅಳಿಸಿದೆ. ಚೂರುಗಳನ್ನು ಊದಿದೆ.

ಸಂಜೆ ಮೆಟ್ಟಿಲ ತುಂಬ ಜನ. ಎಲ್ಲೋ ಡೋಲು ಬಾರಿಸುತ್ತಿದ್ದರು, ಯಾರದೋ ಮನೆಯಲ್ಲಿ ಪೂರಿ ಕರಿಯುತ್ತಿದ್ದರು. ಅಕ್ಕ ಹೊಸ ಲಂಗ ತೊಟ್ಟು, ಅಮ್ಮ ಎಣ್ಣೆ ಹಚ್ಚಲು ಬಂದರೂ ಬೇಡವೆಂದು ಮುಖ ತೊಳೆದುಕೊಂಡು ಬಂದಿದ್ದಳು. ದಿದಿ ಹಾಳೆ ಬಿಚ್ಚಿದವಳೇ, "ಎ ಮಾ! ಮುಖ್ ಕೋಥಾಯ್?" ಎಂದಳು. ಅಯ್ಯೋ, ಮುಖ ಎಲ್ಲಿ?

"ತುಮಿಯೇ ತೋ ಬೋಲ್ಲೇ, ಕಾಲಿ!" ಎಂದೆ. ನೀನೇ ತಾನೇ ಹೇಳಿದ್ದು?

ದಿದಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ಗೋಡೆ ಹಿಡಿದುಕೊಂಡು ನಕ್ಕಳು. ನಗು ಒಂದೊಂದೇ ಮೆಟ್ಟಿಲಿಳಿದು ಕೆಳಗಿನವರೆಗೂ ಹೋಯಿತು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಕ್ಕನೂ ನಕ್ಕಳು. ತಿದ್ದಲು ಹೊತ್ತಿರಲಿಲ್ಲ, ಹಾಗೇ ಅಂಟಿಸಿದರು. ಅಕ್ಕ ಹತ್ತಿರ ಬಂದು ನೋಡಿ, "ನೆರಿಗೆ ಚೆನ್ನಾಗಿ ಬಂದಿದೆ ಕಣೇ" ಎಂದು ಒಳಗೆ ಹೋದಳು. ಮರುದಿನ ಕನ್ನಡಿಯ ಚೌಕಟ್ಟಿನಲ್ಲಿ ಆ ಹಾಳೆ ಇರಲಿಲ್ಲ. ಆಮೇಲೆ ಕೂರು ಎಂದು ಎಷ್ಟು ಗೋಗರೆದರೂ "ಹೋಗೇ, ಓದೋದಿದೆ" ಎನ್ನುತ್ತಿದ್ದಳು. ಅಪ್ಪ ಮಾತ್ರ ಬಂದವರಿಗೆಲ್ಲ ಕಾಲಿಯ ಕತೆ ಹೇಳಿ ನಗಿಸುತ್ತಿದ್ದರು.

ಈಚೆಗೆ ಆ ನಗು ನನಗೆ ಹಿಂಸೆಯಾಗುತ್ತದೆ. ಏಕೆಂದರೆ ಇನ್ನೊಂದು ನೆನಪಿದೆ. ಅದರಲ್ಲಿ ದಿದಿ ಅದೇ ಬೆಳಿಗ್ಗೆ ಮಸಿಯ ಬಾಟಲಿಯನ್ನು ನನ್ನ ಕೈಗಿಟ್ಟು, "ಎಯಿ ನಾವ್, ಕಾಲಿ" ಎನ್ನುತ್ತಾಳೆ. ತಗೋ, ಮಸಿ. ಇದು ನಡೆದದ್ದೇ ಆಗಿದ್ದರೆ ಆ ಪದ ನನಗೆ ಗೊತ್ತಿತ್ತು. ನಡೆದದ್ದೋ, ನಾನೇ ಆಮೇಲೆ ಕಟ್ಟಿಕೊಂಡದ್ದೋ ತಿಳಿಯದು. ಮಸಿಯಲ್ಲಿ ತೆಳುವಾಗಿ ಉಜ್ಜಲು ಬರುವುದಿಲ್ಲ. ಮಚ್ಚೆ ಕಾಣಬೇಕಾದರೆ ಅದರ ಸುತ್ತ ಕಪ್ಪು ಗೆರೆ ಎಳೆಯಬೇಕು. ರದ್ದಿ ಹಾಳೆಯ ಮೇಲೆ ಎಳೆದು ನೋಡಿದ್ದೆ, ಕೆನ್ನೆಯಲ್ಲಿ ತೂತು ಬಿದ್ದಂತೆ ಕಂಡಿತ್ತು. ಮೆಟ್ಟಿಲು ಹತ್ತುವವರೆಲ್ಲ ಇದನ್ನು ನೋಡುತ್ತಾರೆ, ಇವಳು ಆ ಹುಡುಗಿಯ ತಂಗಿ ಎನ್ನುತ್ತಾರೆ ಎಂದೂ ಅನ್ನಿಸಿರಬೇಕು. ಮುಖ ಅಳಿಸಿದ ಮೇಲೆ ಹಾಯೆನಿಸಿತ್ತು. ತಪ್ಪು ಕೇಳಿಸಿಕೊಂಡವಳಿಗೆ ಹಾಯೆನಿಸುವುದು ಏಕೆ?

ನಿಮ್ಮ ಕಾಲ ಬೇರೆ. ಟ್ರಾಮು ಕಾಣುವುದೇ ಅಪರೂಪ. ನನ್ನ ಮೊಮ್ಮಗಳು ಪುಟ್ಟಿ ಶಾಲೆಯ ಚಿತ್ರಕತೆಗೆಂದು ನಮ್ಮ ಬೀದಿಯ ಇಸ್ತ್ರಿಯವನನ್ನು, ಕಾವಲುಗಾರನನ್ನು, ನನ್ನನ್ನು ಟ್ಯಾಬಿನ ಮೇಲೆ ಬರೆಯುತ್ತಾಳೆ. ತಪ್ಪು ಗೆರೆ ಬೆರಳು ತಾಗಿಸಿದರೆ ಹೋಗುತ್ತದೆ, ಬೇಕೆಂದರೆ ಮತ್ತೆ ಬರುತ್ತದೆ. ಬಿಳಿಯೂ ಅಲ್ಲಿ ಹಚ್ಚುವ ಒಂದು ಬಣ್ಣ. ಮೊನ್ನೆ ನಾನು ಸೆರಗು ಸರಿಮಾಡಿಕೊಳ್ಳಲು ಹೋದರೆ "ಅಜ್ಜಿ, ಹಿಲೋ ಮತ್!" ಅಲ್ಲಾಡಬೇಡ ಎಂದು ಹಿಂದಿಯಲ್ಲಿ ಗದರಿದಳು. ನನ್ನ ಬೊಚ್ಚು ಬಾಯಿಯನ್ನು ಇದ್ದಂತೆಯೇ ಬರೆದಳು. ಇದನ್ನೂ ಬರೀಬೇಕಾ ಎಂದು ಅವಳು ಯಾರನ್ನೂ ಕೇಳಲಿಲ್ಲ.

ಆ ರಾತ್ರಿಯೇ ಮೈಸೂರಿಗೆ ವಿಡಿಯೋ ಕರೆ ಮಾಡಿದೆ. ಅಕ್ಕನ ಮುಖವೆಲ್ಲ ಈಗ ಬಿಳಿ, ಆ ಮಚ್ಚೆ ಎಲ್ಲಿತ್ತೆಂದು ಹುಡುಕಲಾಗುವುದಿಲ್ಲ. ಕೇಳಬೇಕಾದದ್ದನ್ನು ಕೇಳಿದೆ. ಅವಳು "ಪುಟ್ಟಿ ಎಲ್ಲೇ? ಅವಳಿಗೆ ಫೋನ್ ಕೊಡು" ಎಂದಳು. ಬೆಳಿಗ್ಗೆ ಅದೇ ಪ್ರಶ್ನೆಯನ್ನು ಬರೆದು ಕಳಿಸಿದೆ. ಓದಿದ್ದಾಳೆ, ಉತ್ತರ ಬಂದಿಲ್ಲ.

"ಅಕ್ಕ, ಆವತ್ತು ಮೆಟ್ಟಿಲ ಮೇಲೆ ಎಲ್ಲರ ಜೊತೆ ನೀನೂ ನಕ್ಕೆಯಲ್ಲ, ನನ್ನ ಮಾತು ನಂಬಿ ನಕ್ಕೆಯಾ?"